ಕಂಪನಿ ಹೋದ್ರೆ ಹೋಗ್ಲಿ, ವರ್ಕ್‌ಶಾಪ್ ಯಾರ್ದು?

ನಮಸ್ಕಾರ. ರೇಸಿಂಗ್‌ನಿಂದ ಒಂದು ದೊಡ್ಡ ಕಾರು ಕಂಪನಿ ಹೊರಟಿತು ಅಂತ ಸುದ್ದಿ ಬಂದ ಕೂಡ್ಲೇ ನಮ್ಮ ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಗ್ಯಾರೇಜುಗಳಲ್ಲೂ ಅದೇ ಮಾತು: "ಇನ್ನು ಮುಗೀತು ಬಿಡಿ." ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ. ಕಂಪನಿ ಹೋಗುವಾಗ ವರ್ಕ್‌ಶಾಪು, ಡ್ರಾಯಿಂಗು, ಬಿಡಿಭಾಗ, ಇಂಜಿನಿಯರುಗಳು ಯಾರ ಕೈಯಲ್ಲಿ ಉಳಿದ್ರು?

2008ರ ಡಿಸೆಂಬರ್ ನೋಡಿ. ಒಂದೇ ತಿಂಗಳಲ್ಲಿ ಹೋಂಡಾ ಫಾರ್ಮುಲಾ ಒನ್ ಬಿಟ್ಟಿತು, ಸುಜುಕಿ ಮತ್ತು ಸುಬಾರು ವಿಶ್ವ ರ‍್ಯಾಲಿ ಬಿಟ್ಟವು. ಆದ್ರೆ ಹೋಂಡಾ ತನ್ನ ತಂಡಕ್ಕೆ ಬೀಗ ಹಾಕಲಿಲ್ಲ. ಇಂಗ್ಲೆಂಡಿನ ಬ್ರಾಕ್ಲಿಯಲ್ಲಿದ್ದ ಇಡೀ ತಂಡವನ್ನು ಒಂದು ಪೌಂಡಿಗೆ ತಂಡದ ಮುಖ್ಯಸ್ಥ ರಾಸ್ ಬ್ರಾನ್ ಕೈಗೆ ಕೊಟ್ಟು, ಖರ್ಚಿಗೆ ದುಡ್ಡನ್ನೂ ಕೊಟ್ಟಿತು. ಹೋಂಡಾ ದುಡ್ಡಲ್ಲಿ ತಯಾರಾದ ಕಾರಿಗೆ ಮರ್ಸಿಡಿಸ್ ಇಂಜಿನ್ ಕೂರಿಸಿದ್ರು. 2009ರ ಮೊದಲ ಏಳು ರೇಸುಗಳಲ್ಲಿ ಆರನ್ನು ತಂಡದ ಚಾಲಕ ಜೆನ್ಸನ್ ಬಟನ್ ಗೆದ್ದ, ಚಾಲಕರದ್ದು, ತಂಡದ್ದು ಎರಡೂ ಚಾಂಪಿಯನ್‌ಶಿಪ್ ಅಲ್ಲಿಗೇ ಬಂತು. ವರ್ಷದ ಕೊನೆಗೆ ಮರ್ಸಿಡಿಸ್ ಅದೇ ತಂಡವನ್ನು ಕೊಂಡಿತು. 2014ರಿಂದ 2021ರವರೆಗೆ ಸಾಲಾಗಿ ಎಂಟು ಸಲ ತಂಡದ ಪ್ರಶಸ್ತಿ ಹೋಗಿದ್ದು ಅದೇ ಬ್ರಾಕ್ಲಿಗೆ. ತೋಟ ಕೈ ಬದಲಾದ್ರೂ ರೈಟರು (ತೋಟದ ಮೇಲ್ವಿಚಾರಕರು), ಕೆಲಸದವರು ಅಲ್ಲೇ ಇದ್ರೆ ಮುಂದಿನ ಫಸಲು ಕೈಗೆ ಬರುತ್ತೆ, ಅಷ್ಟೇ.

ಟೊಯೋಟಾ ಮಾಡಿದ್ದು ಇದಕ್ಕೆ ಉಲ್ಟಾ. ಫಾರ್ಮುಲಾ ಒನ್‌ನಲ್ಲಿ 139 ರೇಸ್, ಒಂದೂ ಗೆಲುವಿಲ್ಲ. 2009ರ ನವೆಂಬರ್‌ನಲ್ಲಿ ಎದ್ದು ಹೋದಾಗ ತಂಡವನ್ನು ಮಾರಲಿಲ್ಲ, ಮುಚ್ಚಿತು. 2010ಕ್ಕೆ ಅಂತ ತಯಾರಾದ ಕಾರು ಒಂದು ರೇಸನ್ನೂ ಕಾಣಲಿಲ್ಲ. ಜರ್ಮನಿಯ ಕಲೋನ್‌ನ ಆ ವರ್ಕ್‌ಶಾಪನ್ನು ಮಾತ್ರ ತಾನೇ ಇಟ್ಕೊಂಡಿತು. ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ 2018ರಿಂದ 2022ರವರೆಗೆ ಐದು ಸಲ ಗೆದ್ದ ಕಾರುಗಳು ಬಂದಿದ್ದು ಅಲ್ಲಿಂದಲೇ. ಟೊಯೋಟಾಗೆ ನಷ್ಟ ಆಗಲಿಲ್ಲ, ಫಾರ್ಮುಲಾ ಒನ್‌ಗೆ ಆಯ್ತು.

ರ‍್ಯಾಲಿಗೆ ಬನ್ನಿ, ನಮಗೆ ಹತ್ತಿರದ್ದು ಅದೇ. 2012ರ ಕೊನೆಗೆ ಫೋರ್ಡ್ ಅಧಿಕೃತವಾಗಿ ಹಿಂದೆ ಸರಿಯಿತು. ಆದ್ರೆ ಕಾರು ಕಟ್ಟುತ್ತಿದ್ದಿದ್ದು ಫೋರ್ಡ್ ಅಲ್ಲ, ಮಾಲ್ಕಂ ವಿಲ್ಸನ್ ಅವರ ಎಂ-ಸ್ಪೋರ್ಟ್ ಅನ್ನೋ ಖಾಸಗಿ ಸಂಸ್ಥೆ. ಅವರು ನಿಲ್ಲಿಸಲಿಲ್ಲ. ಫೋಕ್ಸ್‌ವ್ಯಾಗನ್ 2013ರಿಂದ ನಾಲ್ಕು ವರ್ಷ ಎಲ್ಲ ಪ್ರಶಸ್ತಿ ಬಾಚಿ, 2016ರ ನವೆಂಬರ್‌ನಲ್ಲಿ ಇದ್ದಕ್ಕಿದ್ದ ಹಾಗೆ ಬಿಟ್ಟಿತು. ಹಿಂದಿನ ವರ್ಷವಷ್ಟೇ ಅದರ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯ ಮೋಸದ ಹಗರಣ ಹೊರಬಿದ್ದಿತ್ತು. 2017ರ ಹೊಸ ನಿಯಮಕ್ಕೆ ತನ್ನ ಪೋಲೊ ಕಾರು ಕಟ್ಟಿ, ಟೆಸ್ಟಿಂಗ್ ಕೂಡ ಆಗಿತ್ತು, ಅದು ಗೋದಾಮು ಸೇರಿತು. "ಇಷ್ಟು ಖರ್ಚು ಮಾಡಿದ್ಮೇಲೆ ಬಿಡ್ತಾರಾ?" ಅನ್ನೋರಿಗೆ ಇದೇ ಉತ್ತರ. ಬಿಡ್ತಾರೆ. ಚಾಲಕ ಸೆಬಾಸ್ಟಿಯನ್ ಓಜಿಯೆ ಎಂ-ಸ್ಪೋರ್ಟ್‌ಗೆ ಹೋಗಿ 2017, 2018 ಎರಡೂ ವರ್ಷ ವಿಶ್ವ ಚಾಂಪಿಯನ್ ಆದ.

ಕಾರಣ ಅಂತ ಕಂಪನಿ ಕೊಡೋ ಹೇಳಿಕೆಯನ್ನು ಪೂರ್ತಿ ನಂಬ್ಕೊಂಡು ಓದ್ಬೇಡಿ. ಇಂಜಿನ್ ಕೊಡೋ ಕಂಪನಿಯಾಗಿ ಫಾರ್ಮುಲಾ ಒನ್‌ಗೆ ಮರಳಿದ್ದ ಹೋಂಡಾ, 2020ರ ಅಕ್ಟೋಬರ್‌ನಲ್ಲಿ "2050ಕ್ಕೆ ಇಂಗಾಲಮುಕ್ತ" ಅಂತ ಹೇಳಿ 2021ರ ಕೊನೆಗೆ ಹೊರಡ್ತೀನಿ ಅಂದಿತು. ಹೊರಟ ಮೇಲೂ ರೆಡ್ ಬುಲ್ ಕಾರಿನ ಇಂಜಿನ್ ಜಪಾನಿನ ಸಕುರಾದಿಂದಲೇ ಬರ್ತಿತ್ತು. 2026ಕ್ಕೆ ಆಸ್ಟನ್ ಮಾರ್ಟಿನ್ ಜೊತೆ ವಾಪಸ್ಸು.

ನಮ್ಮಲ್ಲಿ? ಮಾರುತಿ 2019ರಲ್ಲಿ ಮೋಟಾರ್ ಸ್ಪೋರ್ಟ್ಸ್‌ನಿಂದ ಕೈ ತೊಳ್ಕೊಂಡಿತು, ಸಾಮಾನ್ಯ ಗ್ರಾಹಕರಿಗೆ ಅದರ ಜಿಪ್ಸಿ ಜೀಪಿನ ಮಾರಾಟವೂ ಅದೇ ವರ್ಷ ನಿಂತಿತು. ಪೋಲೊ 2022ಕ್ಕೆ ನಿಂತಿತು. ಆದ್ರೂ ಕೊಯ್ಲಾದ ಗದ್ದೆಯಲ್ಲಿ ನಡೆಯೋ ಆಟೋಕ್ರಾಸ್ ರೇಸಿಗೆ ಜಿಪ್ಸಿ ಬರ್ತಾನೇ ಇದೆ. ಅದರ 1298 ಸಿಸಿ ಇಂಜಿನ್ ಎಸ್ಟೀಮ್‌ಗೂ, ಹಳೆ ಸ್ವಿಫ್ಟ್‌ಗೂ, ವರ್ಸಾಗೂ ಬಂದಿತ್ತಲ್ಲ, ಹಾಗಾಗಿ ಇಂಜಿನ್ ಸಾಮಾನು ಸಿಗುತ್ತೆ. ಕಷ್ಟ ಇರೋದು ಮುಂದಿನ ಚಕ್ರಗಳ ಆಕ್ಸಲ್‌ನಲ್ಲಿ. ಒಳಗಿನ ಆಯಿಲ್ ಸೀಲ್ ಹೋದ್ರೆ ಡಿಫರೆನ್ಷಿಯಲ್‌ನ ಗೇರ್ ಆಯಿಲ್ ನಕಲ್ (ಚಕ್ರ ತಿರುಗಿಸೋ ಕೀಲಿನ ಗೂಡು) ಒಳಗೆ ನುಗ್ಗಿ ಗ್ರೀಸನ್ನು ತೊಳೆದುಹಾಕುತ್ತೆ. ಹೊರಗಿನ ಸೀಲ್ ಹರಿದಿದ್ರೆ ಕೆಸರೂ ಸೇರುತ್ತೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಸದ್ದು, ಆಮೇಲೆ ಜಾಯಿಂಟೇ ಹೋಗುತ್ತೆ. ಆಕ್ಸಲ್ ತುದಿಯ ಗುಂಡನ್ನು ಬಟ್ಟೆಯಲ್ಲಿ ಒರೆಸಿ ನೋಡಿ: ಗ್ರೀಸಿನ ತೆಳು ಪದರ ಇದ್ರೆ ಸರಿ, ನೀರಾದ ಎಣ್ಣೆ ಇಳೀತಿದ್ರೆ ಒಳಗಿನ ಸೀಲ್ ಹೋಗಿದೆ. ಬಿಚ್ಚಿದ್ಮೇಲೆ ಎರಡು ಬದಿಯ ಸೀಲೂ ಬದಲಿಸಿ, ಒಂದೇ ಬದಿ ಅಂತ ಉಳಿತಾಯ ನೋಡ್ಬೇಡಿ.

ಕಂಪನಿ ತಂಡ ಬಿಟ್ಟುಹೋದ ರ‍್ಯಾಲಿ ಕಾರು ಕಡಿಮೆಗೆ ಸಿಗ್ತಿದೆ ಅಂತ ಮುಂಗಡ ಕೊಡೋರು ಇದ್ದಾರೆ. ಮೊದಲು ಹೋಮೊಲೊಗೇಶನ್ ಫಾರ್ಮ್, ಅಂದ್ರೆ ಆ ಮಾಡೆಲ್ ಸ್ಪರ್ಧೆಗೆ ಒಪ್ಪಿತ ಅನ್ನೋ ದಾಖಲೆ ಕೇಳಿ. ಮಾಡೆಲ್‌ನ ಸರಣಿ ಉತ್ಪಾದನೆ ನಿಂತ ಮೇಲೆ ಏಳು ವರ್ಷ ಆ ಒಪ್ಪಿಗೆ ಇರುತ್ತೆ ಅನ್ನೋದು ಅಂತರರಾಷ್ಟ್ರೀಯ ನಿಯಮದ ಹಳೇ ಲೆಕ್ಕ. ನಮ್ಮ ರಾಷ್ಟ್ರೀಯ ಕ್ಲಾಸಿಗೆ ಆ ವರ್ಷದ ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ) ನಿಯಮ ಪುಸ್ತಕವನ್ನೇ ನೋಡಿ. ಸೀಟ್, ಬೆಲ್ಟಿನ ಮೇಲಿನ ಲೇಬಲ್ ಓದಿ. ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಯ 8855-1999 ಮಾನಕದ ಸೀಟಿಗೆ ತಯಾರಾದಲ್ಲಿಂದ ಐದೇ ವರ್ಷ, ಬೆಲ್ಟಿಗೂ ಹೆಚ್ಚುಕಡಿಮೆ ಅಷ್ಟೇ. ಕಾರು ಶೆಡ್ಡಲ್ಲಿ ನಿಂತಿದ್ರೂ ಆ ಲೆಕ್ಕ ಓಡ್ತಾ ಇರುತ್ತೆ. ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್ (ಗೇರು ಒಂದಾದ ಮೇಲೊಂದರಂತೆ ಮಾತ್ರ ಬೀಳೋದು) ಇದ್ರೆ ಕೊನೇ ಸಲ ಬಿಚ್ಚಿ ಕಟ್ಟಿದ ಮೇಲೆ ಸ್ಪರ್ಧೆಯ ಸ್ಟೇಜುಗಳಲ್ಲಿ ಎಷ್ಟು ಕಿಲೋಮೀಟರ್ ಓಡಿದೆ ಅಂತ ಬರಹದಲ್ಲಿ ಬೇಕು.

ಜನ ಹೆಚ್ಚು ಎಡವೋದು ಇಸಿಯು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್ ವಿಷಯದಲ್ಲಿ. ಕಾರು ಬಂತು, ಸ್ಟಾರ್ಟ್ ಆಯ್ತು, ಆದ್ರೆ ಮ್ಯಾಪ್ (ಅದರೊಳಗಿನ ಇಂಧನ, ಕಿಡಿಯ ಲೆಕ್ಕ) ಲಾಕ್, ಪಾಸ್‌ವರ್ಡ್ ಹಾಕಿದ ಇಂಜಿನಿಯರ್ ಎಲ್ಲೋ ಬೇರೆ ಕೆಲಸದಲ್ಲಿ. ಇಂಜೆಕ್ಟರ್ ಬದಲಿಸಿದ್ರೂ ಇಂಧನದ ಲೆಕ್ಕ ತಿದ್ದೋಕಾಗಲ್ಲ, ಇಂಧನ ಕಮ್ಮಿಯಾಗಿ ಮಿಶ್ರಣ ತೆಳ್ಳಗಾದ್ರೆ ಪಿಸ್ಟನ್ ಸುಟ್ಟುಹೋಗಬಹುದು. ಹಾಗಾಗಿ ಮಾರೋರ ಎದುರೇ ಲ್ಯಾಪ್‌ಟಾಪ್ ಜೋಡಿಸಿ, ಮ್ಯಾಪ್ ತೆಗೆದು, ಒಂದು ಸಣ್ಣ ಬದಲಾವಣೆ ಮಾಡಿ, ಸೇವ್ ಆಗುತ್ತಾ ನೋಡಿ. ಆಗಲಿಲ್ಲ ಅಂದ್ರೆ ಹೊಸ ಇಸಿಯು, ವೈರಿಂಗ್, ಟ್ಯೂನಿಂಗ್ ಖರ್ಚನ್ನು ಬೆಲೆಯಿಂದ ಕಳೆದು ಮಾತಾಡಿ.