ಪದದ ಸಹವಾಸ

ಕೇಳುಗರಿಗೆ ನಮಸ್ಕಾರ.

ಮೇ ತಿಂಗಳು ಬಂತೆಂದರೆ ನಮ್ಮ ಊರುಗಳಲ್ಲಿ ಜಗಲಿಯ ಮೇಲೂ ಅರಳಿಕಟ್ಟೆಯಲ್ಲೂ ಒಂದೇ ವಿಚಾರಣೆ. ರಿಸಲ್ಟ್ ಬಂತೇ? ಎಷ್ಟು ಮಾರ್ಕ್ಸ್ ಬಂದವು? ಪಾಸೋ ಫೇಲೋ? ಬರೀ ಫಸ್ಟ್ ಕ್ಲಾಸೋ, ಡಿಸ್ಟಿಂಕ್ಷನ್ನೋ? ಕಾಲೇಜಿನಲ್ಲಿ ಸೀಟು ಸಿಕ್ಕಿತೇ? ಫೀಸು ಎಷ್ಟು ಕಟ್ಟಬೇಕಂತೆ? ಹೀಗೆ ಮೊಮ್ಮಗನನ್ನು ಕೇಳುವ ಅಜ್ಜಿಗೆ ಇಂಗ್ಲಿಷ್ ಓದಲು ಬಾರದು. ಆದರೂ ಒಂದೇ ಉಸಿರಿನಲ್ಲಿ ಒಂಬತ್ತು ಇಂಗ್ಲಿಷ್ ಪದಗಳನ್ನು ಆಡಿ ಮುಗಿಸಿರುತ್ತಾಳೆ. ಒಂದೊಂದರ ಅರ್ಥವೂ ಆಕೆಗೆ ಚೆನ್ನಾಗಿ ಗೊತ್ತು.

ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾನು 29 ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಪದಗಳೇ ಗೊತ್ತಿಲ್ಲ ಎಂಬ ದೂರನ್ನು ಅಷ್ಟೂ ವರ್ಷ ಕೇಳಿದ್ದೇನೆ. ಅದನ್ನು ನಾನು ಒಪ್ಪುವುದಿಲ್ಲ. ಓದು, ಪರೀಕ್ಷೆ, ಪೈಪೋಟಿ, ಗೆಲುವು, ಈ ವಿಷಯಗಳ ಇಂಗ್ಲಿಷ್ ಪದಗಳು ಆ ಮಕ್ಕಳ ಬಾಯಲ್ಲಿ ಆಗಲೇ ಇವೆ. ಆದರೆ ಇರುವುದೆಲ್ಲ ನಾಮಪದ. ಕ್ರಿಯಾಪದದ ಕೆಲಸವನ್ನು ಕನ್ನಡವೇ ಮಾಡಿಕೊಡುತ್ತಿದೆ. ಫೀಸು ಇಂಗ್ಲಿಷಿನದು, ಕಟ್ಟುವುದು ನಮ್ಮದು. ಸೀಟು ಇಂಗ್ಲಿಷಿನದು, ಸಿಕ್ಕುವುದು ನಮ್ಮದು. ಇಡೀ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳು ಎಂದಾಗ ಮಗುವಿನ ಕೈಯಲ್ಲಿ ಸೀಟು ಇರುತ್ತದೆ, ಸಿಕ್ಕುವುದು ಇರುವುದಿಲ್ಲ. ಅಲ್ಲಿ ಮಾತು ನಿಂತುಬಿಡುತ್ತದೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಅವಳದೇ ಹೆಚ್ಚಿನ ಅಂಕ. ಅದರ ಬಗ್ಗೆ ಒಂದು ವಾಕ್ಯ ಬರೆಯಮ್ಮ ಎಂದೆ. ‘ನೈಂಟಿ ಮಾರ್ಕ್ಸ್ ಕೇಮ್ ಟು ಮಿ’ ಎಂದು ಬರೆದಳು. ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ಮುನ್ನ ನಾನು ಬಹಳ ಹೊತ್ತು ಆ ವಾಕ್ಯವನ್ನೇ ನೋಡುತ್ತ ಕುಳಿತೆ. ಅದು ಬುದ್ಧಿ ಇಲ್ಲದವಳು ಬರೆದ ವಾಕ್ಯವಲ್ಲ. ‘ನನಗೆ ತೊಂಬತ್ತು ಅಂಕ ಬಂತು’ ಎಂಬ ಒಳ್ಳೆಯ ಕನ್ನಡ ಅದು. ನಮ್ಮ ಮಾತಿನಲ್ಲಿ ಅಂಕ ಬರುತ್ತದೆ, ರ್‍ಯಾಂಕ್ ಬರುತ್ತದೆ, ಬಹುಮಾನ ಬರುತ್ತದೆ, ಇಂಗ್ಲಿಷ್ ಬರುತ್ತದೆ, ಕೆಲಸ ಸಿಗುತ್ತದೆ, ಜಯ ದೊರೆಯುತ್ತದೆ. ಇವೆಲ್ಲ ತಾವಾಗಿ ನಡೆದು ಬರುತ್ತವೆ. ನಾವು ‘ನನಗೆ’ ಎಂದು ಚತುರ್ಥಿ ವಿಭಕ್ತಿಯಲ್ಲಿ ನಿಂತು ಬರಮಾಡಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ‘ನನಗೆ’ ಎಂದು ನಿಂತಿದ್ದವನು ‘ನಾನು’ ಎಂದು ಮುಂದೆ ಬರಬೇಕು. ‘ಐ ಗಾಟ್’ ಎನ್ನಬೇಕು, ‘ಐ ಸ್ಕೋರ್ಡ್’ ಎನ್ನಬೇಕು, ‘ಐ ವನ್’ ಎನ್ನಬೇಕು. ಇದು ಪದಕೋಶದ ಕೊರತೆ ಅಲ್ಲ. ವಾಕ್ಯದಲ್ಲಿ ಮನುಷ್ಯ ನಿಲ್ಲುವ ಜಾಗವೇ ಬೇರೆ. ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಎಂಟನೇ ತರಗತಿಯ ಮಗುವಿಗೂ ತಿಳಿಯುತ್ತದೆ. ಹೇಳದೆ ಬರೀ ತಪ್ಪು ಎಂದು ಗೆರೆ ಎಳೆದರೆ, ತನಗೆ ಇಂಗ್ಲಿಷ್ ಹತ್ತುವುದಿಲ್ಲ ಎಂದು ಆ ಮಗು ತೀರ್ಮಾನಿಸಿಬಿಡುತ್ತದೆ. ಎಷ್ಟೋ ಮಕ್ಕಳು ಹಾಗೆ ತೀರ್ಮಾನಿಸಿದ್ದನ್ನು ನೋಡಿ ನನಗೆ ಸಂಕಟವಾಗಿದೆ.

‘ಫೇಲ್’ ಎಂಬ ಪದವನ್ನೇ ನೋಡಿ. ನಮ್ಮಲ್ಲಿ ಮನುಷ್ಯ ಫೇಲ್ ಆಗುತ್ತಾನೆ, ದಪ್ಪ ಆಗುವಂತೆ, ಹಣ್ಣು ಆಗುವಂತೆ. ಅದಕ್ಕೇ ಮಕ್ಕಳು ‘ಐ ಆ್ಯಮ್ ಫೇಲ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ಕ್ರಿಯೆ: ‘ಐ ಫೇಲ್ಡ್’. ಒಂದು ದಿನ ನಡೆದದ್ದು, ಮುಗಿದದ್ದು. ಈ ವ್ಯತ್ಯಾಸವನ್ನು ನಾನು ವ್ಯಾಕರಣಕ್ಕಾಗಿ ಮಾತ್ರ ಹೇಳುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಪೂರಕ ಪರೀಕ್ಷೆಗೆ ಕುಳಿತ ಮಕ್ಕಳ ಮುಂದೆ ಬೇಕೆಂದೇ ಹೇಳುತ್ತಿದ್ದೆ.

ಇನ್ನು ನಮ್ಮ ಒಂದು ಪದ ಮಾಡುವ ಕೆಲಸವನ್ನು ಇಂಗ್ಲಿಷ್ ಎರಡು ಮೂರು ಪದಗಳಿಗೆ ಹಂಚಿರುವುದುಂಟು. ಪುಸ್ತಕ ಓದುವುದು ‘ರೀಡ್’, ಪರೀಕ್ಷೆಗೆ ಓದುವುದು ‘ಸ್ಟಡಿ’. ‘ಹುಡುಗ ಎಷ್ಟು ಓದಿದ್ದಾನೆ’ ಎಂದು ಹೆಣ್ಣಿನ ಕಡೆಯವರು ಕೇಳುವ ಓದು ‘ಕ್ವಾಲಿಫಿಕೇಷನ್’. ಗೆಲ್ಲುವುದರಲ್ಲೂ ಹೀಗೆಯೇ. ಕನ್ನಡದಲ್ಲಿ ಕಬಡ್ಡಿ ಪಂದ್ಯವನ್ನೂ ಗೆಲ್ಲುತ್ತೇವೆ, ಪಕ್ಕದ ಊರಿನ ತಂಡವನ್ನೂ ಗೆಲ್ಲುತ್ತೇವೆ. ಇಂಗ್ಲಿಷಿನಲ್ಲಿ ಪಂದ್ಯಕ್ಕೆ, ಪದಕಕ್ಕೆ, ಬಹುಮಾನಕ್ಕೆ ‘ವಿನ್’. ಎದುರಾಳಿಗೆ ‘ಬೀಟ್’ ಅಥವಾ ‘ಡಿಫೀಟ್’. ‘ವಿ ವನ್ ದೆಮ್’ ಎಂದರೆ ಅವರ ಮೇಲೆ ಗೆದ್ದೆವು ಎಂಬ ಅರ್ಥ ಬರುವುದಿಲ್ಲ. ಪರೀಕ್ಷೆಯನ್ನು ನಾವು ಬರೆಯುತ್ತೇವೆ, ಹಿಂದಿಯವರು ಕೊಡುತ್ತಾರೆ, ಇಂಗ್ಲಿಷಿನವರು ತೆಗೆದುಕೊಳ್ಳುತ್ತಾರೆ ಇಲ್ಲವೇ ಅದಕ್ಕೆ ಕುಳಿತುಕೊಳ್ಳುತ್ತಾರೆ. ಪರೀಕ್ಷೆಯ ಹಿಂದೆ ಬರುವುದು ‘ಟೇಕ್’ ಎಂದು ಯಾವ ತರ್ಕದಿಂದಲೂ ಊಹಿಸಲಾಗದು. ಆ ಎರಡು ಪದಗಳನ್ನು ಒಟ್ಟಿಗೇ ಕಲಿಯಬೇಕು.

‘ಕಂಪೀಟ್’ ಎಂಬುದು ನಮ್ಮ ಮಕ್ಕಳಿಗೆ ಯಾವಾಗಲೂ ತೊಡಕಿನ ಪದ. ‘ಪ’ಕಾರಕ್ಕೆ ಒಂದು ‘ಲ’ ಒತ್ತು ಸಿಕ್ಕಿಕೊಂಡರೆ ಅದು ‘ಕಂಪ್ಲೀಟ್’ ಆಗಿ, ಸ್ಪರ್ಧಿಸಿದೆ ಎಂದು ಹೇಳಹೊರಟವನು ಮುಗಿಸಿದೆ ಎಂದು ಹೇಳಿರುತ್ತಾನೆ. ಎರಡನ್ನೂ ಜೋಡಿಸಿ ಬಾಯಲ್ಲಿ ಹೇಳಿಸುತ್ತಿದ್ದೆ: ಓಟದಲ್ಲಿ ಕಂಪೀಟ್ ಮಾಡಿ, ಓಟವನ್ನು ಕಂಪ್ಲೀಟ್ ಮಾಡು. ‘ಕಂಪೀಟ್’ ಹಳೆಯ ರೋಮನ್ನರ ಲ್ಯಾಟಿನ್ ಭಾಷೆಯಿಂದ ಬಂದ ಪದ. ಅಲ್ಲಿ ಅದರ ಎರಡು ತುಂಡುಗಳ ಅರ್ಥ ‘ಜೊತೆಯಾಗಿ’ ಮತ್ತು ‘ಅರಸು’. ಒಂದೇ ವಸ್ತುವನ್ನು ಹಲವರು ಒಟ್ಟಿಗೆ ಅರಸುವುದು. ಸಮರ್ಥ ಎನ್ನುವ ಅರ್ಥದ ‘ಕಾಂಪಿಟೆಂಟ್’ ಕೂಡ ಇದೇ ಬೇರಿನದು.

ಪ್ರತಿಸ್ಪರ್ಧಿ ಎನ್ನಲು ಇಂಗ್ಲಿಷಿನಲ್ಲಿ ಇನ್ನೊಂದು ಪದವಿದೆ, ‘ರೈವಲ್’. ಇದರ ಕತೆಯನ್ನು ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಲ್ಯಾಟಿನ್‌ನಲ್ಲಿ ‘ರೀವುಸ್’ ಎಂದರೆ ತೊರೆ. ‘ರೀವಾಲಿಸ್’ ಎಂದರೆ ಒಂದೇ ತೊರೆಯ ನೀರನ್ನು ಬಳಸುವವನು, ಅಂದರೆ ನೆರೆಯ ಹೊಲದವನು. ನಾನು ಈ ಪದವನ್ನು ಪಾಠ ಮಾಡಿದ್ದು ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರಿನಲ್ಲಿ. ಮೇಲಿನ ಗದ್ದೆಯವನು ತೂಬು ಮುಚ್ಚದಿದ್ದರೆ ಕೆಳಗಿನ ಗದ್ದೆ ಒಣಗುತ್ತದೆ. ಸರದಿಯ ನೀರಿಗಾಗಿ ರಾತ್ರಿ ಎರಡು ಗಂಟೆಗೆ ಗುದ್ದಲಿ, ಟಾರ್ಚು ಹಿಡಿದು ಹೋಗುವ ಅಪ್ಪಂದಿರ ಮಕ್ಕಳು ಅವರು. ನಾಲೆಯ ಕೊನೆಯ ಭಾಗದ ಊರಿನಿಂದ ಬರುತ್ತಿದ್ದ ಒಬ್ಬ ಹುಡುಗ ಎದ್ದು ನಿಂತು, ‘ಹಾಗಾದರೆ ಸರ್, ನಮ್ಮ ದೊಡ್ಡಪ್ಪ ನಮಗೆ ರೈವಲ್’ ಎಂದ. ತರಗತಿಯಲ್ಲಿ ಯಾರೂ ನಗಲಿಲ್ಲ. ಎಲ್ಲರ ಮನೆಯಲ್ಲೂ ಅಂಥ ಒಬ್ಬ ದೊಡ್ಡಪ್ಪನೋ ಚಿಕ್ಕಪ್ಪನೋ ಇದ್ದ. ಎರಡು ಸಾವಿರ ವರ್ಷಗಳ ಹಿಂದಿನ ರೋಮಿನ ರೈತನ ಪದ ಆ ಮಕ್ಕಳಿಗೆ ಅರ್ಥವಾದಷ್ಟು ಚೆನ್ನಾಗಿ ದೊಡ್ಡ ನಗರದ ದೊಡ್ಡ ಶಾಲೆಯ ಮಕ್ಕಳಿಗೂ ಅರ್ಥವಾಗಿರಲಾರದು ಎಂದು ನಾನು ನಂಬಿದ್ದೇನೆ. ಆ ತಂಡದ ಯಾರೂ ಆ ಪದವನ್ನು ಮರೆಯಲಿಲ್ಲ. ಎಲ್ಲ ಪದಕ್ಕೂ ಇಂಥ ಕತೆ ಸಿಗುವುದಿಲ್ಲ. ಸಿಕ್ಕಾಗ ಬಿಡಬಾರದು.

‘ಸಕ್ಸೆಸ್’ ಎಂಬ ಪದ ಈಗ ಅಂಗಡಿಯ ಫಲಕಗಳಲ್ಲೂ ಕೋಚಿಂಗ್ ಕೇಂದ್ರಗಳ ಜಾಹೀರಾತುಗಳಲ್ಲೂ ಇದೆ. ಅದಕ್ಕೆ ಒಂದು ಕುಟುಂಬವಿದೆ: ಕ್ರಿಯೆಗೆ ‘ಸಕ್ಸೀಡ್’, ವಿಶೇಷಣಕ್ಕೆ ‘ಸಕ್ಸೆಸ್‌ಫುಲ್’. ಮಕ್ಕಳು ‘ಐ ಸಕ್ಸೆಸ್’ ಎನ್ನುತ್ತಾರೆ, ಮತ್ತೆ ನಾಮಪದವೇ ಮುಂದೆ ಬಂದು ಕ್ರಿಯೆಯ ಜಾಗದಲ್ಲಿ ಕೂತಿರುತ್ತದೆ. ಆದರೆ ‘ಸಕ್ಸೆಸರ್’ ಎಂದರೆ ಯಶಸ್ಸು ಪಡೆದವನು ಎಂದು ತಿಳಿಯಬೇಡಿ. ಅದು ಉತ್ತರಾಧಿಕಾರಿ, ಒಬ್ಬರ ನಂತರ ಆ ಸ್ಥಾನಕ್ಕೆ ಬರುವವರು. ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ‘ಹಿಂದೆಯೇ ಬರು’ ಎಂಬ ಅರ್ಥ. ಇಂಗ್ಲಿಷಿನಲ್ಲೂ ಮೊದಮೊದಲು ‘ಸಕ್ಸೆಸ್’ ಎಂದರೆ ಮಾಡಿದ ಕೆಲಸದ ಹಿಂದೆ ಬಂದ ಫಲ, ಒಳ್ಳೆಯದಾಗಲಿ ಕೆಟ್ಟದಾಗಲಿ. ಒಳ್ಳೆಯ ಫಲ ಮಾತ್ರ ಎಂಬ ಅರ್ಥ ನಿಂತದ್ದು ಆಮೇಲೆ. ನಮ್ಮ ‘ಯಶಸ್ಸು’ ಸಂಸ್ಕೃತದಲ್ಲಿ ಕೀರ್ತಿ. ನಾಲ್ಕು ಜನ ಕೊಂಡಾಡಿದರೆ ಮಾತ್ರ ಅದು ಯಶಸ್ಸು. ಕನ್ನಡದ್ದೇ ಆದ ‘ಗೆಲುವು’ ನನಗೆ ಇವೆರಡಕ್ಕಿಂತಲೂ ಪ್ರಿಯವಾದ ಪದ. ಕಾಯಿಲೆ ಬಿದ್ದ ಮಗು ಎದ್ದು ಕುಳಿತರೂ ನಮ್ಮ ತಾಯಂದಿರು ‘ಈಗ ಗೆಲುವಾಗಿದೆ’ ಎನ್ನುತ್ತಾರಲ್ಲ!

ಈಗ ಕಲಿಯುವ ಬಗೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆಲ್ಲ ಒಂದು ನೋಟ್‌ಬುಕ್ ನೆನಪಿರುತ್ತದೆ. ಪುಟದ ನಡುವೆ ಉದ್ದ ಗೆರೆ, ಎಡಗಡೆ ಪದ, ಬಲಗಡೆ ಅರ್ಥ. ದಿನಕ್ಕೆ ಹತ್ತು ಪದ ಬಾಯಿಪಾಠ, ಮರುದಿನ ಒಪ್ಪಿಸುವುದು. ನಾನೂ ಐದನೇ ತರಗತಿಯಿಂದ ಹಾಗೆಯೇ ಕಲಿತವನು, ಮೇಷ್ಟ್ರಾದ ಮೇಲೆ ಏಳೆಂಟು ವರ್ಷ ಹಾಗೆಯೇ ಕಲಿಸಿದವನು. ಒಪ್ಪಿಸುವಾಗ ಹತ್ತಕ್ಕೆ ಹತ್ತು ಹೇಳಿದ ಮಗು ವಾಕ್ಯ ಬರೆ ಎಂದರೆ ಪೆನ್ನು ಕಚ್ಚುತ್ತ ಕೂರುತ್ತಿತ್ತು. ಪದವನ್ನು ಒಂಟಿಯಾಗಿ ಕರೆತಂದು ಗೆರೆಯ ಈಚೆ ಕೂರಿಸಿದ್ದೆವು. ಅದರ ನೆಂಟರಿಷ್ಟರೆಲ್ಲ ಅಲ್ಲೇ ಉಳಿದಿದ್ದರು.

ಪದವನ್ನು ಅದರ ಸಹವಾಸದಿಂದಲೇ ಅರಿಯಬೇಕು ಎಂಬ ಅರ್ಥದ ಮಾತನ್ನು 1957ರಲ್ಲಿ ಬರೆದವರು ಭಾಷಾವಿಜ್ಞಾನಿ ಜೆ. ಆರ್. ಫರ್ತ್. ಲಂಡನ್ನಿನಲ್ಲಿ ಹೆಸರು ಮಾಡುವ ಮುಂಚೆ, 1920ರ ದಶಕದಲ್ಲಿ, ಅವರು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಬಂಗಾಳದ ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟ್ ಅಲ್ಲಿನ ಮಕ್ಕಳ ಕಷ್ಟ ಕಂಡವರು. ಅವರು 1953ರಲ್ಲಿ ಹೊರತಂದ ಪಟ್ಟಿಯಲ್ಲಿ ಕಲಿಯುವವರಿಗೆ ಮೊದಲು ಬೇಕಾದ ಸುಮಾರು 2000 ಪದಗಳಿವೆ. ನ್ಯೂಜಿಲೆಂಡಿನ ಭಾಷಾ ಸಂಶೋಧಕಿ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಉನ್ನತ ಶಿಕ್ಷಣಕ್ಕೆ ಬೇಕಾಗುವ 570 ಪದಕುಟುಂಬಗಳನ್ನು ಅದಕ್ಕೆ ಮುಂದುವರಿಕೆಯಾಗಿ ಗುರುತಿಸಿದರು. ಅಳೆದು ನೋಡು ಎನ್ನುವ ‘ಅಸೆಸ್’, ಸಾಧಿಸು ಎನ್ನುವ ‘ಅಚೀವ್’, ಇಂಥ ಪದಗಳು ಆ ಪಟ್ಟಿಯವು. ಎರಡೂ ಸೇರಿದರೆ ಮೂರು ಸಾವಿರದೊಳಗೆ. ಇಂಗ್ಲಿಷ್ ಕಡಲು, ಈಜಿ ಮುಗಿಯುವುದಿಲ್ಲ ಎಂದು ಹೆದರಿ ಕೂತವರಿಗೆ ಈ ಲೆಕ್ಕವನ್ನು ಹೇಳಿ ಧೈರ್ಯ ಕೊಡುತ್ತೇನೆ.

ನಿಘಂಟು ಕೊಳ್ಳುವಾಗ ಅರ್ಥ ಮಾತ್ರ ಇರುವುದನ್ನು ಕೊಂಡು ಸುಮ್ಮನಾಗಬೇಡಿ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಜಪಾನೀ ವಿದ್ಯಾರ್ಥಿಗಳ ತೊಡಕು ನಮ್ಮವರ ತೊಡಕಿನಂಥದೇ. ಹಾರ್ನ್‌ಬಿಯವರೂ ಅವರ ಜೊತೆಗಾರರೂ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು, 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಪ್ರಕಟಿಸಿತು. ಒಂದು ಕ್ರಿಯಾಪದದ ಹಿಂದೆ ಮುಂದೆ ಏನು ಬರುತ್ತದೆ ಎಂಬುದನ್ನು ವಾಕ್ಯ ಸಮೇತ ತೋರಿಸುವುದೇ ಅದರ ಹಿರಿಮೆ. ಅದರ ಈಚಿನ ಆವೃತ್ತಿಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ, ಮೊಬೈಲಿನಲ್ಲೂ ಸಿಗುತ್ತವೆ.

ನೋಟ್‌ಬುಕ್ಕಿನ ನಡುವಿನ ಗೆರೆಯನ್ನು ಅಳಿಸಿಬಿಡಿ. ದಿನಕ್ಕೆ ಮೂರು ಪದ ಸಾಕು. ಪ್ರತಿ ಪದಕ್ಕೂ ನಿಮ್ಮದೇ ಬದುಕಿನ ಒಂದು ನಿಜವಾದ ವಾಕ್ಯ ಬರೆಯಿರಿ. ನಾಳೆ ಒಮ್ಮೆ ಓದಿ, ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಕಳೆದು ಮತ್ತೊಮ್ಮೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದರಲ್ಲಿ ಹೆಚ್ಚಿನ ಪಾಲು ಮೊದಲ ದಿನದೊಳಗೇ ಜಾರಿಹೋಗುತ್ತದೆ ಎಂದು 1885ರಲ್ಲೇ ತೋರಿಸಿದ್ದಾನೆ. ಒಂದೇ ರಾತ್ರಿ ನೂರು ಸಲ ಉರು ಹೊಡೆಯುವುದಕ್ಕಿಂತ ಬಿಟ್ಟು ಬಿಟ್ಟು ನಾಲ್ಕು ಸಲ ಓದುವುದು ಮೇಲು.

ನಿಮ್ಮದೇ ಬದುಕಿನ ವಾಕ್ಯ ಎಂದೆ. ಅದಕ್ಕೆ ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಿಯುಸಿ ಮುಗಿಸಿ ಬೆಂಗಳೂರಿಗೆ ಕೆಲಸದ ಸಂದರ್ಶನಕ್ಕೆ ಹೋಗಿ ಬಂದು, ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತ. ನಿನ್ನ ದೊಡ್ಡ ‘ಅಚೀವ್‌ಮೆಂಟ್’ ಯಾವುದು ಎಂದು ಕೇಳಿದರಂತೆ. ಪದ ಗೊತ್ತಿತ್ತು, ಅರ್ಥವೂ ಗೊತ್ತಿತ್ತು, ಸಾಧನೆ. ‘ಸಾಧನೆ ಎಂದರೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರಲ್ಲ ಸರ್, ಅಂಥದ್ದು ನನ್ನದೇನಿದೆ? ಏನೂ ಇಲ್ಲ ಎಂದು ಹೇಳಿ ಬಂದೆ’ ಎಂದ.

ಅವನ ತಂದೆ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ಏಳು ಕಿಲೋಮೀಟರ್ ಸೈಕಲ್ ತುಳಿದು ಕಾಲೇಜಿಗೆ ಹೋಗಿ ದ್ವಿತೀಯ ಪಿಯುಸಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದವನು ಅವನು. ನಾನು ಅವನಿಗೆ ಅರ್ಥ ಮಾತ್ರ ಹೇಳಿಕೊಟ್ಟಿದ್ದೆ. ಇಂಗ್ಲಿಷಿನಲ್ಲಿ ಆ ಪದ ಇಂಥ ಮನೆಯೊಳಗೂ ಬರುತ್ತದೆ ಎಂದು ಹೇಳಿಕೊಟ್ಟಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಾವಿಬ್ಬರೂ ಒಳಗೆ ಕುಳಿತು ಒಂದೊಂದೇ ವಾಕ್ಯ ಬರೆದೆವು. ಹಾಲು ಕರೆಯುವುದಕ್ಕೆ ಒಂದು ಕ್ರಿಯಾಪದ, ಮನೆ ನೋಡಿಕೊಳ್ಳುವುದಕ್ಕೆ ಒಂದು, ಪಾಸಾದದ್ದಕ್ಕೆ ಒಂದು. ಎಲ್ಲವೂ ‘ನಾನು’ ಎಂದು ಶುರುವಾಗುವ ವಾಕ್ಯಗಳು. ಅವನು ಗಟ್ಟಿಯಾಗಿ ಮೂರು ಸಲ ಓದಿದ. ಮೂರನೆಯ ಸಲ ನೋಟ್‌ಬುಕ್ ನೋಡಲಿಲ್ಲ. ಆಮೇಲೆ, ‘ಇದಕ್ಕೆ ಅಚೀವ್‌ಮೆಂಟ್ ಎನ್ನಬಹುದೇ ಸರ್?’ ಎಂದು ಕೇಳಿದ. ಎನ್ನಬಹುದಪ್ಪ ಎಂದೆ. ಪುಟದ ಮೇಲ್ಗಡೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಆ ಪದವನ್ನು ನಿಧಾನವಾಗಿ ಬರೆದು, ಕೆಳಗೆ ಗೆರೆ ಎಳೆದ.

ನಮಸ್ಕಾರ.