ಮಗುವಿನ ಹಾಳೆ ಮುಟ್ಟಬ್ಯಾಡ್ರಿ

(ಕಲಬುರಗಿಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ)

ಆಳಂದ, ಚಿತ್ತಾಪುರ, ಸೇಡಂ, ಜೇವರ್ಗಿ ಕಡೆಯಿಂದ ಇಂಥ ಬಿಸಿಲಲ್ಲೂ ಬಂದಿರುವ ಗುರುಗಳಿಗೆ, ಅಕ್ಕೋರಿಗೆ ಶರಣು.

ಕಾಗದದಲ್ಲಿ ಪ್ರಾಣಿ ಪಕ್ಷಿ ಮಡಚೋದು ಹೇಳಿಕೊಡ್ರಿ ಅಂತ ಕರೆದಿದ್ದಾರೆ. ಹೇಳಿಕೊಡ್ತೀನಿ. ಆದರೆ ನಾನು ಬಂದದ್ದು ಇನ್ನೊಂದು ಮಾತು ಹೇಳಲಿಕ್ಕೆ. ಮಗು ಮಡಚುವಾಗ ಅದರ ಹಾಳೆಯನ್ನು ನಾವು ಮುಟ್ಟಬಾರದು. ಸೊಟ್ಟ ಆಗಲಿ, ಹರಿದು ಹೋಗಲಿ, ಹೊತ್ತಾಗಲಿ. ನಿಮ್ಮ ಕೈಯಲ್ಲಿ ನಿಮ್ಮದೇ ಒಂದು ಹಾಳೆ ಇರಲಿ, ಏನು ತೋರಿಸಿದರೂ ಅದರ ಮೇಲೆ ತೋರಿಸ್ರಿ.

ನನಗೆ ಗೊತ್ತು, ಪಿರಿಯಡ್ ಸಣ್ಣದು, ಮಕ್ಕಳು ಬಹಳ. ನಲಿ-ಕಲಿ ಕೋಣೆಯ ಗೋಡೆಗೆ ನೇತುಹಾಕಿದರೆ ಚಂದ ಕಾಣಬೇಕು, ಸಾಹೇಬರು ಬಂದಾಗ ಮೆಚ್ಚಬೇಕು. ಅದಕ್ಕೇ ನಾವು ಮಗುವಿನ ಕೈಯಿಂದ ಹಾಳೆ ಇಸಕೊಂಡು ಟಕಟಕ ಮಾಡಿ ಕೊಟ್ಟುಬಿಡ್ತೀವಿ. ಗೋಡೆ ತುಂಬ್ತದ. ಮಗು ಏನು ಕಲೀತು ಹೇಳ್ರಿ?

ಹಾಳೆ ಎಲ್ಲಿಂದ ತರೋದು ಅಂತ ಚಹಾದ ಹೊತ್ತಿನಲ್ಲಿ ಒಬ್ಬ ಅಕ್ಕೋರು ಕೇಳಿದರು. ಬಣ್ಣದ ಹಾಳೆ ಬೇಕಾಗಿಲ್ರಿ. ಹಿರೋಶಿಮಾದ ಸಡಾಕೊ ಸಸಾಕಿ ಕಥೆ ನಿಮ್ಮಲ್ಲಿ ಬಹಳ ಜನ ಪಾಠ ಮಾಡಿದ್ದೀರಿ. ಅಣುಬಾಂಬಿನ ವಿಕಿರಣದಿಂದ ರಕ್ತದ ಕ್ಯಾನ್ಸರ್ ಆಗಿ 1955ರಲ್ಲಿ, ಹನ್ನೆರಡನೇ ವಯಸ್ಸಿಗೆ ತೀರಿಕೊಂಡ ಹುಡುಗಿ. ಆಸ್ಪತ್ರೆ ಹಾಸಿಗೆಯಲ್ಲಿ ಆಕೆ ಕೊಕ್ಕರೆ ಮಡಚಿದ್ದು ಔಷಧಿ ಸುತ್ತಿ ಬಂದ ಕಾಗದದಲ್ಲೂ ಹೌದು. ನಮ್ಮ ಮಕ್ಕಳ ಬರೆದು ಮುಗಿಸಿದ ನೋಟ್‌ಬುಕ್ ಸಾಕು, ಹಳೇ ಕ್ಯಾಲೆಂಡರ್ ಸಾಕು. ಮೂಲೆ ಹಿಡಿದು ಎದುರಿನ ಅಂಚಿಗೆ ಸೇರಿಸ್ರಿ, ಉಳಿದ ಪಟ್ಟಿ ಹರಿದು ತೆಗೀರಿ, ಚೌಕ ತಯಾರು. ಮಡಿಕೆ ಒತ್ತಲಿಕ್ಕೆ ಟೇಬಲ್ ಕೂಡ ಬೇಡ. ನಮ್ಮ ಶಾಲೆಗಳಲ್ಲಿ ಶಹಾಬಾದ್ ಕಲ್ಲಿನ ಪರಸಿ ನೆಲ ಇರ್ತದಲ್ಲ, ಅದರ ಮೇಲೆ ಇಟ್ಟು ಉಗುರಿನಿಂದ ಎಳೆದರೆ ಗೆರೆ ಹೆಂಗ ಕೂಡ್ತದ ನೋಡ್ರಿ.

ತಮ್ಮಾ, ಆ ಫ್ಯಾನ್ ಒಂಚೂರು ಕಮ್ಮಿ ಮಾಡಪ್ಪ. ಕೊಕ್ಕರೆ ಆಗೋ ಮೊದಲೇ ಹಾರಿಹೋಗ್ಲತಾವ.

ಈಗ ನನ್ನ ಕೈ ನೋಡ್ರಿ. ಎರಡು ಕರ್ಣ, ಎರಡು ನಡುಗೆರೆ ಮಡಚಿದೆ. ನಾಲ್ಕೂ ಮೂಲೆ ಒಟ್ಟಿಗೆ ತಂದು ಚಿಕ್ಕ ಚೌಕ ಮಾಡಿದೆ. ಕೊಕ್ಕರೆಗೆ ಇದೇ ಬುನಾದಿ. ಈಗ ಇದನ್ನು ಅರ್ಧ ಬಿಚ್ಚಿ, ನಡುವಿನ ಬಿಂದು ನೋಡ್ರಿ. ಗೆರೆ ಎಂಟು ಕಾಣ್ತಾವ, ಮಡಚಿಕೊಂಡು ಕೆಲಸ ಮಾಡುವವು ಆರೇ. ಹೊರಗಿನಿಂದ ನೋಡಿದರೆ ನಾಲ್ಕು ಉಬ್ಬು, ಎರಡು ತಗ್ಗು. ವ್ಯತ್ಯಾಸ ಎರಡು. ಯಾವ ಆಕಾರವನ್ನೇ ಚಪ್ಪಟೆ ಮಡಚ್ರಿ, ಹಾಳೆಯ ಒಳಗೆ ಮಡಿಕೆಗಳು ಕೂಡುವ ಯಾವ ಬಿಂದುವಿನಲ್ಲೇ ಎಣಿಸ್ರಿ, ಈ ವ್ಯತ್ಯಾಸ ಎರಡೇ ಬರ್ತದ. ಇದು ಮಾಯೆಕಾವಾ ನಿಯಮ. ಇನ್ನು ಆ ಆರು ಗೆರೆಗಳ ನಡುವಿನ ಕೋನಗಳು: 45, 45, 90, 45, 45, 90. ಒಂದು ಬಿಟ್ಟು ಒಂದು ಕೂಡಿಸ್ರಿ. 45, 90, 45 ಕೂಡಿದರೆ 180. ಉಳಿದ ಮೂರು ಕೂಡಿದರೂ 180. ಇದು ಕವಾಸಾಕಿ ನಿಯಮ. ಕೋನಮಾಪಕ ಇಲ್ಲದೆ, ಹಳೇ ನೋಟ್‌ಬುಕ್ ಹಾಳೆಯ ಮೇಲೆ ಐದನೇ ತರಗತಿ ಮಗು ಇದನ್ನು ತಾನೇ ಎಣಿಸಿ ಕಂಡುಕೊಳ್ತದ. ಆದರೆ ಗೆರೆ ಆ ಮಗುವೇ ಮೂಡಿಸಿರಬೇಕು. ನಾವು ಮಡಚಿ ಕೊಟ್ಟ ಹಾಳೆಯಲ್ಲಿ ಯಾವುದು ಉಬ್ಬು ಯಾವುದು ತಗ್ಗು ಅಂತ ಅದಕ್ಕೆ ಹೆಂಗ ತಿಳೀಬೇಕು?

ಮುಂದಿನ ಹೆಜ್ಜೆಯಲ್ಲೇ ಎಲ್ಲರೂ ಸಿಕ್ಕಿ ಬೀಳೋದು. ಮೇಲಿನ ಪದರದ ಎರಡೂ ಅಂಚು ನಡುಗೆರೆಗೆ ತಂದು ಒತ್ತಿ, ಮೇಲಿನ ತ್ರಿಕೋನವನ್ನೂ ಒಮ್ಮೆ ಬಗ್ಗಿಸಿ, ಎಲ್ಲಾ ಬಿಚ್ಚಬೇಕು. ಆಮೇಲೆ ಕೆಳಗಿನ ಒಂದೇ ತುದಿ ಹಿಡಿದು ಮೇಲಕ್ಕೆ ಎತ್ತಬೇಕು. ಎತ್ತಿದಾಗ ಅದು ದೋಣಿಯ ಹಾಗೆ ಬಾಯಿ ತೆರೀತದ, ಅಂಚುಗಳು ತಾವಾಗೇ ಒಳಗೆ ಸೇರ್ತಾವ. ಇಲ್ಲಿ ನಮಗೆ ಕೈ ತಡೆಯೋದಿಲ್ಲ. "ತಾ ಇಲ್ಲಿ" ಅಂದುಬಿಡ್ತೀವಿ.

ಚಿತ್ತಾಪುರ ತಾಲೂಕಿನ ಒಂದು ತಾಂಡಾ ಶಾಲೆಯ ಮಾತು ಹೇಳ್ತೀನಿ. ನಾಲ್ಕನೇ ತರಗತಿ ಹುಡುಗ. ಅವ್ವ-ಅಪ್ಪ ದುಡೀಲಿಕ್ಕೆ ಪುಣೆಗೆ ಹೋದಾಗ ಅವರ ಜೊತೆ ಹೋಗಿ, ವರ್ಷದ ನಡುವೆ ವಾಪಸ್ ಬಂದವ. ಮನೆಮಾತು ಲಂಬಾಣಿ, ಕ್ಲಾಸಿನಲ್ಲಿ ಮಾತೇ ಇಲ್ಲ. ಅವನ ಗುರುಗಳು ಪ್ರೀತಿಯಿಂದಲೇ ಹಾಳೆಗೆ ಕೈ ಹಾಕಿದರು. ನಾನು ಅವರ ಕೈ ಹಿಡಿದೆ. "ಸರ, ಬಿಡ್ರಿ, ಮಾಡ್ಲಿ" ಅಂದೆ. ಬೆಲ್ ಆಯ್ತು, ಉಳಿದವರೆಲ್ಲ ಬಿಸಿಯೂಟಕ್ಕೆ ಓಡಿದರು. ಈತ ಪರಸಿ ಮೇಲೆ ಕೂತೇ ಇದ್ದ. ತುದಿ ಎತ್ತುವುದು, ಇಳಿಸುವುದು. ಒಮ್ಮೆ ಬಾಯಿಂದ ಊದಿ ನೋಡಿದ. ಮತ್ತೆ ಎತ್ತಿದ, ಅಂಚುಗಳು ಒಳಗೆ ಬಂದವು. ಆಗ ಅವನ ಮುಖ ನೀವು ನೋಡಬೇಕಿತ್ತು. ಹಿಂದಿನ ಬದಿ ಯಾರೂ ಹೇಳದೇನೇ ಮಾಡಿದ. ಕೊನೆಗೆ ಕೊಕ್ಕರೆಯ ಕುತ್ತಿಗೆ ಮಾತ್ರ ಪೂರಾ ತಿರುಗಿ ಬಾಲದ ಕಡೆ ಹೋಗಿತ್ತು. ಗುರುಗಳು "ಕುತ್ತಿಗೆ ಸೊಟ್ಟ ಆಯ್ತಲ್ಲೋ" ಅಂದರು. ಆ ಹುಡುಗ ತಲೆ ಎತ್ತಿ ಹೇಳಿದ: "ಸೊಟ್ಟ ಅಲ್ರಿ ಸರ. ಮರಿ ಹಿಂದ ಬರ್ಲತದೋ ಇಲ್ಲೋ ಅಂತ ನೋಡ್ಲತದ್ರಿ."

ಆ ಗುರುಗಳು ಆಮೇಲೆ ಎಷ್ಟೋ ಹೊತ್ತು ಮಾತಾಡಲಿಲ್ಲ. ಮಾರನೇ ದಿನ ಆ ಹುಡುಗ ಮರಿಯನ್ನೂ ಮಡಚಿ ತಂದನಂತೆ, ಬೀಡಿ ಕಟ್ಟಿನ ಕಾಗದದಲ್ಲಿ.

ಇದೇನು ಬರೀ ಜಪಾನಿನ ವಿದ್ಯೆ ಅಂತ ತಿಳೀಬ್ಯಾಡ್ರಿ. 1893ರಲ್ಲಿ ಮದ್ರಾಸಿನಲ್ಲಿ ಟಿ. ಸುಂದರರಾವ್ ಕಾಗದ ಮಡಚಿ ರೇಖಾಗಣಿತ ಕಲಿಯುವ ಪುಸ್ತಕ ಅಚ್ಚು ಹಾಕಿಸಿದರು. ಶಿಶುವಿಹಾರದ ಆಟದ ಸಾಮಾನಿನಿಂದ ತಮಗೆ ಈ ಯೋಚನೆ ಬಂತು ಅಂತ ಅವರೇ ಬರೆದಿದ್ದಾರೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಮೆಚ್ಚಿ ಉಲ್ಲೇಖಿಸಿದರು, 1901ರಲ್ಲಿ ಅದು ಶಿಕಾಗೋದಲ್ಲೂ ಬಂತು. ಇನ್ನು ಜಪಾನಿನ ಅಕಿರಾ ಯೋಶಿಝಾವಾ. ಈ ಕಲೆಯ ಗುರು ಅಂತ ಇವತ್ತು ಜಗತ್ತು ಒಪ್ಪಿದ ಮನುಷ್ಯ, 1911ರಲ್ಲಿ ಹುಟ್ಟಿದವರು. ಫ್ಯಾಕ್ಟರಿಯಲ್ಲಿ ಇದ್ದಾಗ ಕಿರಿಯ ಕೆಲಸಗಾರರಿಗೆ ರೇಖಾಗಣಿತ ಕಲಿಸಲಿಕ್ಕೆ ಅವರು ಹಿಡಿದದ್ದು ಇದೇ ಕಾಗದ. ತುಂಡುಗೆರೆ, ಬಾಣದ ಗುರುತು ಹಾಕಿ ಮಡಿಕೆಯ ಚಿತ್ರ ಬರೆಯುವ ಪದ್ಧತಿ ಅವರಿಂದ ಬಂತು. ಆ ಚಿತ್ರ ಇದ್ದರೆ ಜಪಾನಿ ಭಾಷೆ ಬಾರದ ನಮ್ಮ ಮಗುವೂ ನೋಡಿ ಮಡಚಬಹುದು, ಗುರು ಕೈ ಹಚ್ಚುವ ಅಗತ್ಯವೇ ಇಲ್ಲ.

ಚೀಟಿ ಬಂತು, ಊಟದ ಹೊತ್ತಂತೆ. ಇನ್ನೂ ಎರಡು ಮಾತು ಓಡಿಸಿ ಬಿಡ್ತೀನಿ. ಪಟ್ಟಿ, ಕೈವಾರ ಹಿಡಿದು ಎಲ್ಲಾ ಕೋನಗಳನ್ನು ಮೂರು ಸಮಭಾಗ ಮಾಡಲಿಕ್ಕೆ ಬರೋದಿಲ್ಲ, ಕಾಗದ ಮಡಚಿ ಬರ್ತದ. ಮಾಡಿ ತೋರಿಸಬೇಕಂತ ಇದ್ದೆ, ಹೊತ್ತು ಸಾಲದು, ಬೇಕಾದವರು ಊಟ ಆದ ಮೇಲೆ ನನ್ನ ಹತ್ರ ಬರ್ರಿ. ಕೋರಿಯೊ ಮಿಯುರಾ ಕಂಡುಹಿಡಿದ ಮಡಿಕೆಯಲ್ಲಿ ಸೌರಫಲಕ ಮಡಚಿಟ್ಟು 1995ರಲ್ಲಿ ಜಪಾನಿನವರು ಅಂತರಿಕ್ಷಕ್ಕೆ ಕಳಿಸಿದರು, ಅದು ಅಲ್ಲಿ ಬಿಚ್ಚಿಕೊಂಡಿತು. ವಿಜ್ಞಾನದ ಗುರುಗಳು ಇದನ್ನು ಬರೆದುಕೊಳ್ರಿ.

ಮಧ್ಯಾಹ್ನ ಕಪ್ಪೆ ಮಾಡೋಣ, ಬೆರಳಿನಿಂದ ಒತ್ತಿ ಬಿಟ್ಟರೆ ಜಿಗಿಯುವಂಥದ್ದು. ಅದಕ್ಕೆ ದಪ್ಪ ಕಾಗದ ಬೇಕು, ಹಳೇ ಲಗ್ನಪತ್ರಿಕೆ ಇದ್ದರೆ ತರ್ರಿ. ಇಬ್ಬಿಬ್ಬರು ಜೋಡಿ ಕೂಡಬೇಕು, ಒಬ್ಬರು ಗುರು, ಒಬ್ಬರು ಮಗು. ಗುರು ಆದವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಳ್ಳಬೇಕು, ಬಾಯಿಂದ ಮಾತ್ರ ಹೇಳಬೇಕು. ಹಿರಿಯ ಗುರುಗಳಿಂದಲೇ ಶುರು ಮಾಡೋಣ.