ಹಳೆಯ ಪೂಲ್ ಟೇಬಲ್, ಹಳೆಯ ಕ್ಯೂ: ಏನನ್ನು ಬದಲಿಸಬೇಕು, ಏನನ್ನು ಮುಟ್ಟಬಾರದು

ಕೇಳುಗರಿಗೆ ನಮಸ್ಕಾರ. ಪೂಲ್ ಅಂದರೆ ಕ್ಯೂ ಎಂಬ ಉದ್ದನೆಯ ಕೋಲಿನಿಂದ ಚೆಂಡು ಹೊಡೆದು, ಟೇಬಲ್ ಅಂಚಿನ ಪಾಕೆಟ್‌ಗಳಿಗೆ, ಅಂದರೆ ಗುಂಡಿಗಳಿಗೆ, ಬೀಳಿಸುವ ಆಟ.

ಹಳೆಯ ಪೂಲ್ ಟೇಬಲ್ ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಮರದ ಮೇಲೆ. ಕಾಲಿನ ಕೆತ್ತನೆ, ಅಂಚಿನಲ್ಲಿ ಕೂರಿಸಿದ ಚಿಪ್ಪಿನ ಚುಕ್ಕೆ, ಪಾಲಿಶ್ ಹೊಳಪು. ಮಾರುವವರೂ ಅದನ್ನೇ ತೋರಿಸುತ್ತಾರೆ. ಚೆಂದ ಇರುತ್ತದೆ, ನಿಜ. ಆದರೆ ಆಟ ನಡೆಯುವುದು ಕಲ್ಲು ಮತ್ತು ರಬ್ಬರಿನಿಂದ. ಅವೆರಡೂ ಬಟ್ಟೆಯ ಕೆಳಗೆ ಅಡಗಿ ಕೂತಿರುತ್ತವೆ. ಅದಕ್ಕೇ ಇವತ್ತಿನ ಮಾತನ್ನು ಬಟ್ಟೆಯ ಕೆಳಗಿನಿಂದಲೇ ಶುರು ಮಾಡುತ್ತೇನೆ.

ಮೊದಮೊದಲು ಈ ಟೇಬಲ್‌ಗಳ ಮೇಲ್ಭಾಗವೂ ಮರದ್ದೇ ಆಗಿತ್ತು. ಮಳೆಗಾಲಕ್ಕೆ ಉಬ್ಬುತ್ತಿತ್ತು, ಒಣಹವೆಗೆ ಸೊಟ್ಟಗಾಗುತ್ತಿತ್ತು. ಲಂಡನ್ನಿನ ಟೇಬಲ್ ತಯಾರಕ ಜಾನ್ ಥರ್ಸ್ಟನ್ 1826ರ ಹೊತ್ತಿಗೆ ಸ್ಲೇಟ್ ಕಲ್ಲನ್ನು ಬಳಕೆಗೆ ತಂದರು. 1835ರಲ್ಲಿ ರಬ್ಬರ್ ಕುಶನ್, ಅಂದರೆ ಚೆಂಡು ಬಡಿದು ವಾಪಸ್ ಬರಲು ಅಂಚಿನ ಒಳಗೆ ಹಾಕುವ ಪಟ್ಟಿ, ತಂದರು. ಆದರೆ ಆಗಿನ ರಬ್ಬರು ಚಳಿಗೆ ಗಟ್ಟಿಯಾಗಿಬಿಡುತ್ತಿತ್ತು. ಆಟಕ್ಕೆ ಮುಂಚೆ ಬಿಸಿನೀರಿನ ಪಾತ್ರೆ ಇಟ್ಟು ಕುಶನ್ ಕಾಯಿಸಬೇಕಿತ್ತು! 1845ರಲ್ಲಿ ಗಂಧಕ ಸೇರಿಸಿ ಹದ ಮಾಡಿದ ರಬ್ಬರ್ ಬಂದ ಮೇಲೆ ಆ ತಾಪತ್ರಯ ತಪ್ಪಿತು.

ಸ್ಲೇಟ್ ಸಾಮಾನ್ಯವಾಗಿ ಮೂರು ತುಂಡಿನಲ್ಲಿ ಇರುತ್ತದೆ. ಒಂಬತ್ತು ಅಡಿ ಟೇಬಲ್‌ಗೆ ಒಂದು ಇಂಚು ದಪ್ಪದ ಕಲ್ಲಾದರೆ ಒಂದೊಂದು ತುಂಡೂ 80-90 ಕಿಲೋ ತೂಗುತ್ತದೆ. ಮೂರನ್ನೂ ಒಟ್ಟಿಗೆ ಸಮ ಮಾಡಿರುವುದರಿಂದ ಅವು ಒಂದೇ ಜೊತೆಯವಾಗಿರಬೇಕು. ಟಾರ್ಚ್ ಹಿಡಿದು ಟೇಬಲ್ ಅಡಿಗೆ ನುಗ್ಗಿ. ಮಾಡಿದವರು ಗೀಚಿದ ಅಥವಾ ಕೊರೆದ ನಂಬರುಗಳು ಕಲ್ಲಿನ ಮೇಲೂ ಚೌಕಟ್ಟಿನ ಮೇಲೂ ಸಿಗಬಹುದು. ಅವು ಒಂದಕ್ಕೊಂದು ಹೊಂದಿದರೆ ಸಂತೋಷ. ಒಂದು ತುಂಡಿನ ಬಣ್ಣ, ದಪ್ಪ ಬೇರೆ ಕಂಡರೆ ಯಾವಾಗಲೋ ಒಡೆದು ಬೇರೆ ಟೇಬಲಿನದನ್ನು ತಂದು ಕೂರಿಸಿದ್ದಾರೆ ಅಂತಲೇ ಅನುಮಾನ ಪಡಿ. ಬೋಲ್ಟ್ ಕೂರುವ ತೂತಿನ ಸುತ್ತ ಚಕ್ಕೆ ಎದ್ದಿದೆಯಾ ಅಂತಲೂ ನೋಡಿ. ಅಲ್ಲಿ ಹಿಡಿತ ತಪ್ಪಿದರೆ ಕುಶನ್ ಸಡಿಲವಾಗುತ್ತದೆ.

ಕುಶನ್ ಪರೀಕ್ಷೆಗೆ ಉಪಕರಣ ಬೇಡ, ಕಿವಿ ಸಾಕು. ಒಂದು ಚೆಂಡನ್ನು ಕೈಯಿಂದಲೇ ಜೋರಾಗಿ ಉರುಳಿಸಿ. ಒಂದೊಂದು ಅಡಿಗೂ ಹೀಗೆ ಮಾಡುತ್ತಾ ಟೇಬಲ್ ಸುತ್ತ ಬನ್ನಿ. ಎಲ್ಲ ಕಡೆ ಒಂದೇ ಸದ್ದು ಬರಬೇಕು. ಎಲ್ಲೋ ಒಂದು ಕಡೆ 'ದಡ್' ಅಂತ ಮಂಕು ಸದ್ದು ಬಂದು ಚೆಂಡು ಸುಸ್ತಾಗಿ ಹಿಂದಿರುಗಿದರೆ, ಅಲ್ಲಿ ಬೋಲ್ಟ್ ಸಡಿಲವಾಗಿದೆ, ಇಲ್ಲವೇ ರಬ್ಬರ್ ಮರದಿಂದ ಬಿಟ್ಟುಕೊಂಡಿದೆ. ಎಲ್ಲ ಕಡೆಯೂ ಹಾಗೇ ಆದರೆ ರಬ್ಬರ್ ಸತ್ತಿದೆ. ರಬ್ಬರಿಗೆ ವಯಸ್ಸಾಗುತ್ತದೆ, ಅದಕ್ಕೆ ಬೇಜಾರು ಬೇಡ, ಹೊಸದು ಹಾಕಬಹುದು. ಆದರೆ ಎತ್ತರ ಸರಿಯಾಗಿರಬೇಕು. ಕುಶನ್‌ನ ಮೂತಿ, ಅಂದರೆ ಚೆಂಡು ತಗಲುವ ಅಂಚು, ಚೆಂಡಿನ ಎತ್ತರದ ಸುಮಾರು 63.5 ಶೇಕಡಾದಲ್ಲಿ ಇರಬೇಕು. ಪೂಲ್ ಚೆಂಡಿನ ಅಳತೆ 57 ಮಿಲಿಮೀಟರ್, ಅಂದರೆ ಮೂತಿ ಬರುವುದು 36 ಮಿಲಿಮೀಟರ್ ಆಸುಪಾಸಿಗೆ. ಮೂತಿ ತುಂಬಾ ತಗ್ಗಿದ್ದರೆ ಚೆಂಡು ಎಗರುತ್ತದೆ.

ಈ ಎತ್ತರದ ವಿಷಯ ಇನ್ನೊಂದು ಕಡೆ ಕೈ ಕೊಡುತ್ತದೆ. ಹಳೆಯ ಕಾಲದಲ್ಲಿ ಪಾಕೆಟ್ಟೇ ಇಲ್ಲದ ಬಿಲಿಯರ್ಡ್ಸ್ ಟೇಬಲ್‌ಗಳು ಬಹಳ ಇದ್ದವು. ಆ ಆಟದ ಚೆಂಡು ದೊಡ್ಡದು, 61 ಮಿಲಿಮೀಟರಿಗೂ ಜಾಸ್ತಿ, ಹಾಗಾಗಿ ಕುಶನ್ ಮೂತಿಯೂ ಎತ್ತರ. ಪೂಲ್ ಆಟ ಜನಪ್ರಿಯವಾದ ಮೇಲೆ ಎಷ್ಟೋ ಟೇಬಲ್‌ಗಳ ಮೂಲೆ ಕೊಯ್ದು ಪಾಕೆಟ್ ಕೂರಿಸಿದರು. ಒಳ್ಳೆಯ ಕೆಲಸಗಾರ ಮಾಡಿದ್ದರೆ ಗುರುತೇ ಸಿಗದು. ಒರಟು ಕೆಲಸವಾದರೆ ಕಲ್ಲಿನ ಅಂಚು ಹಲ್ಲುಹಲ್ಲಾಗಿರುತ್ತದೆ. ಇಂಥ ಟೇಬಲ್ ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ಅದು ಬದಲಾದ ಟೇಬಲ್ ಅಂತ ತಿಳಿದು, ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಳ್ಳಿ.

ಹೆಸರಿನ ವಿಚಾರಕ್ಕೆ ಬಂದರೆ ಅಮೆರಿಕದ ಬ್ರನ್ಸ್‌ವಿಕ್ ಮುಂದೆ ನಿಲ್ಲುತ್ತದೆ. ಸ್ವಿಟ್ಜರ್‌ಲೆಂಡಿನಿಂದ ವಲಸೆ ಬಂದ ಜಾನ್ ಮೋಸಸ್ ಬ್ರನ್ಸ್‌ವಿಕ್ 1845ರಲ್ಲಿ ಸಿನ್ಸಿನಾಟಿಯಲ್ಲಿ ಟೇಬಲ್ ಮಾಡಲು ಶುರು ಮಾಡಿದರು. 1884ರಲ್ಲಿ ಕಂಪನಿಗಳು ಒಂದಾಗಿ ಬ್ರನ್ಸ್‌ವಿಕ್-ಬಾಲ್ಕೆ-ಕೊಲೆಂಡರ್ ಆಯಿತು. ಇವರ ಮೊನಾರ್ಕ್ ಟೇಬಲ್‌ನ ಕಾಲುಗಳು ಎರಕದ ಕಬ್ಬಿಣದ ಸಿಂಹಗಳು. ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೂ ದಿನಾ ಆಡಬೇಕು ಅನ್ನುವವರಿಗೆ ನನ್ನ ಸಲಹೆ 1961ರಲ್ಲಿ ಬಂದ ಗೋಲ್ಡ್ ಕ್ರೌನ್. ಅಲಂಕಾರ ಕಡಿಮೆ, ಮೈಕಟ್ಟು ಗಟ್ಟಿ, ರಿಪೇರಿ ಬಲ್ಲವರೂ ಸಿಗುತ್ತಾರೆ. ಯಾವುದೇ ಆಗಲಿ, ಬಿಚ್ಚುವ, ಸಾಗಿಸುವ, ಮಟ್ಟ ಮಾಡಿ ಬಟ್ಟೆ ಹಾಕುವ ಖರ್ಚು ಕೆಲವೊಮ್ಮೆ ಟೇಬಲ್ ಬೆಲೆಯನ್ನೇ ಮೀರುತ್ತದೆ. 'ಬಂದು ತಗೊಂಡು ಹೋಗಿ, ದುಡ್ಡು ಬೇಡ' ಅಂದರೂ ಮೊದಲು ಈ ಲೆಕ್ಕ ಹಾಕಿ.

ಇನ್ನು ಕ್ಯೂ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಹಳೆಯ ಒಳ್ಳೆಯ ಕ್ಯೂ ಸಿಕ್ಕರೆ ಹಿಡಿಯ ಮೇಲ್ಭಾಗದ ಚೂಪುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಕಪ್ಪು ಮರ, ಬಿಳಿ ಮೇಪಲ್ ಎರಡನ್ನೂ ಬೆಣೆಯ ಹಾಗೆ ಸೀಳಿ, ಒಂದರೊಳಗೊಂದು ತೂರಿಸಿ ಅಂಟು ಹಾಕಿರುತ್ತಾರೆ. ನಡುವೆ ಬಣ್ಣದ ತೆಳು ಮರದ ಪಟ್ಟಿಗಳು. ಆ ಪಟ್ಟಿಗಳು ತುದಿಯಲ್ಲಿ ಸೂಜಿಮೊನೆಯಂತೆ ಕೂಡುತ್ತವೆ. ಬೆರಳು ಆಡಿಸಿದರೆ ಸೇರುವ ಜಾಗದಲ್ಲಿ ಸಣ್ಣ ಏರು ತಗಲುವುದೂ ಉಂಟು, ಯಾಕೆಂದರೆ ವರ್ಷಗಳು ಕಳೆದ ಹಾಗೆ ಒಂದೊಂದು ಮರ ಒಂದೊಂದು ಥರ ಕುಗ್ಗುತ್ತದೆ. ಯಂತ್ರದಲ್ಲಿ ಕೊರೆದು ಕೂರಿಸಿದ ಚೂಪಿನ ತುದಿ ಸಾಮಾನ್ಯವಾಗಿ ಸ್ವಲ್ಪ ದುಂಡಗಿರುತ್ತದೆ. ಬರೀ ಚಿತ್ರ ಅಂಟಿಸಿದ್ದರೆ ಬೆರಳಿಗೆ ಏನೂ ತಗಲುವುದಿಲ್ಲ.

ಬ್ರನ್ಸ್‌ವಿಕ್‌ನವರ ಟೈಟ್ಲಿಸ್ಟ್ ಒಂದು ಕಾಲಕ್ಕೆ ಪೂಲ್ ಹಾಲ್ ಗೋಡೆಗೆ ಒರಗಿಸಿಡುತ್ತಿದ್ದ ಮಾಮೂಲಿ ಕ್ಯೂ. ಅದರ ಮರದ ಜೋಡಣೆ ಎಷ್ಟು ಚೆನ್ನಾಗಿತ್ತೆಂದರೆ, ದೊಡ್ಡ ಕುಶಲಕರ್ಮಿಗಳು ಅದನ್ನೇ ಕೊಯ್ದು ತಮ್ಮ ಕ್ಯೂ ಮಾಡಿಕೊಂಡರು. 1912ರಲ್ಲಿ ರಷ್ಯಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಜಾರ್ಜ್ ಬಾಲಬುಷ್ಕ ಅವರಲ್ಲೊಬ್ಬರು. 1959ರಿಂದ 1975ರಲ್ಲಿ ತೀರಿಕೊಳ್ಳುವವರೆಗೆ ಕ್ಯೂ ಮಾಡಿದರು. ಅವರ ಹೆಸರಿಗೆ ಬೆಲೆ ಬಂದಷ್ಟೂ ನಕಲಿಗಳೂ ಬಂದವು. ಹಾಗಾಗಿ ಅಷ್ಟು ದೊಡ್ಡ ಹೆಸರು ಹೇಳಿದರೆ ಯಾರಿಂದ ಯಾರಿಗೆ ಬಂತು ಅನ್ನುವ ಕಾಗದ, ಹಳೆಯ ಫೋಟೋ ಕೇಳಿ. ಕೇಳಲು ಸಂಕೋಚ ಬೇಡ.

ಕ್ಯೂ ನೆಟ್ಟಗಿದೆಯಾ ಅಂತ ನೋಡಲು ಪೂರ್ತಿ ಜೋಡಿಸಿ ಟೇಬಲ್ ಮೇಲೆ ಉರುಳಿಸಿ. ಕೆಳಗಿನ ಬೆಳಕಿನ ಗೆರೆ ಹೆಚ್ಚೂಕಡಿಮೆ ಆಗದೆ ನಿಲ್ಲಬೇಕು. ಆಮೇಲೆ ಮುಂಭಾಗದ ಕೋಲು ಮತ್ತು ಹಿಡಿಯನ್ನು ಬೇರೆ ಬೇರೆಯಾಗಿ ಉರುಳಿಸಿ. ಕೋಲಿನ ತುದಿಯನ್ನೂ ಅಳೆಯಿರಿ. ಸಾಮಾನ್ಯವಾಗಿ 13 ಮಿಲಿಮೀಟರ್ ಆಸುಪಾಸು ಇರುತ್ತದೆ. ತುಂಬಾ ಸಪೂರವಿದ್ದರೆ ಮತ್ತೆ ಮತ್ತೆ ಉಜ್ಜಿ ಸವೆಸಿರಬಹುದು.

ಒಂದು ಎಚ್ಚರಿಕೆ. ಹಳೆಯ ಕ್ಯೂಗಳಲ್ಲಿ ಆನೆದಂತ, ಬ್ರೆಜಿಲ್‌ನ ರೋಸ್‌ವುಡ್ ಇರುವುದುಂಟು. ಎರಡಕ್ಕೂ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುನಿಟ್ಟಿದೆ. ಬ್ರೆಜಿಲ್ ರೋಸ್‌ವುಡ್ ಈ ಕಟ್ಟುನಿಟ್ಟಿನ ವಸ್ತುಗಳ ಪಟ್ಟಿಗೆ ಸೇರಿದ್ದು 1992ರಲ್ಲಿ. ಅಮೆರಿಕ 2016ರಲ್ಲಿ ಆಫ್ರಿಕಾದ ಆನೆದಂತದ ವ್ಯಾಪಾರವನ್ನು ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿತು. ಗಡಿ ದಾಟಿಸುವ ಮುಂಚೆ ಕಾನೂನು ವಿಚಾರಿಸಿ. ದಂತಕ್ಕಾಗಿ ಆನೆಗಳು ಪಟ್ಟ ಪಾಡು ನೆನೆದರೆ ಈ ಬಿಗಿ ಸರಿ ಅಂತಲೇ ನನಗನಿಸುತ್ತದೆ.

ಕೊಂಡ ಮೇಲೆ ರಿಪೇರಿ. ಬಟ್ಟೆ, ರಬ್ಬರ್, ಕ್ಯೂ ತುದಿಯ ಚರ್ಮ ಸವೆಯಲೆಂದೇ ಇರುವಂಥವು, ಬದಲಿಸಿ. ಮರದ ಮೇಲ್ಮೈ, ಕೂರಿಸಿದ ಚುಕ್ಕೆಗಳು, ಕಂಪನಿಯ ಹೆಸರಿನ ಫಲಕ, ಕೊರೆದ ನಂಬರು, ಇವನ್ನು ಮುಟ್ಟಬೇಡಿ. ಸ್ಯಾಂಡ್ ಪೇಪರ್ ಹಾಕಿ ಫಳಫಳ ಅನ್ನಿಸಿದ ಟೇಬಲ್‌ಗೆ ಹಳೆಯ ಮೈ ಮತ್ತೆ ಬರುವುದಿಲ್ಲ, ಅಲ್ವಾ? ಕೊಳೆ ಇದ್ದರೆ ಮೆತ್ತಗೆ ಒರೆಸಿ, ಅಷ್ಟು ಸಾಕು. ಬದಲಿಸಿದ್ದು ಏನೇ ಇರಲಿ, ತಾರೀಕು ಹಾಕಿ ಒಂದು ಚೀಟಿಯಲ್ಲಿ ಬರೆದು ಟೇಬಲ್ ಚೌಕಟ್ಟಿನ ಒಳಗೆ ಅಂಟಿಸಿಡಿ. ತೆಗೆದ ಹಳೆಯ ಬಿಡಿಭಾಗಗಳನ್ನೂ ಬಿಸಾಡಬೇಡಿ, ಟೇಬಲ್ ಮಾರುವ ದಿನ ಅವನ್ನೂ ಜೊತೆಗೇ ಕೊಟ್ಟು ಕಳಿಸಿ.

ನಮಸ್ಕಾರ.